ಕಾದಿರಿಸಿದ ಮೇಜು, ಬಾರದ ಅತಿಥಿ

ಕೊರೋನಾ ರೋಗದ ಹಾವಳಿಯಿಂದ ಮುಚ್ಚಿದ್ದ ಇಂಗ್ಲೆಂಡಿನ ಹೋಟೆಲುಗಳು ಮೂರು ತಿಂಗಳಿಗೂ ಮೀರಿದ ಅವಧಿಯ ಅನಂತರ, 2020ನೆಯ ಇಸವಿಯ ಜುಲೈ 4ರಂದು, ಮತ್ತೆ ಬಾಗಿಲು ತೆರೆದವು. ಅದೇ ತಿಂಗಳ ಒಂದು ಶನಿವಾರ ರಾತ್ರಿ ಲಂಡನ್ನಿನಲ್ಲಿ ಟಾಮ್ ಕೆರಿಜ್ ಎಂಬ ಪ್ರಸಿದ್ಧ ಬಾಣಸಿಗನ ಭೋಜನಶಾಲೆಯಲ್ಲಿ, ಮುಂಚಿತವಾಗಿ ಸ್ಥಳ ಕಾದಿರಿಸಿದ್ದವರ ಪೈಕಿ 27 ಮಂದಿ ಬರಲೂ ಇಲ್ಲ, ಬರುವುದಿಲ್ಲವೆಂದು ತಿಳಿಸಲೂ ಇಲ್ಲ. ಇಂಥ ನಡತೆ ಕೆಲಸಗಾರರ ಜೀವನೋಪಾಯಕ್ಕೇ ಕುತ್ತು ತರುತ್ತದೆಂದು ಕೆರಿಜ್ ಬಹಿರಂಗವಾಗಿ ಖಂಡಿಸಿದನು. ಆಗ ಹಳೆಯದೊಂದು ಪ್ರಶ್ನೆ ಮತ್ತೆ ಚರ್ಚೆಗೆ ಬಂದಿತು: ಮೇಜು ಕಾದಿರಿಸಿ ಬಾರದೆ ಉಳಿದವರಿಂದ ಹೋಟೆಲಿನವರು ಶುಲ್ಕ ವಸೂಲು ಮಾಡಬಹುದೆ?

ತಿನ್ನದ ಊಟಕ್ಕೆ ಹಣವೇಕೆ ಕೊಡಬೇಕು ಎಂದು ಒಂದು ಪಕ್ಷದವರು ಕೇಳುತ್ತಾರೆ. ಕೊಟ್ಟ ಮಾತಿಗೆ ಬೆಲೆಯಿಲ್ಲವೆ ಎಂದು ಇನ್ನೊಂದು ಪಕ್ಷದವರು ಕೇಳುತ್ತಾರೆ. ಇದು ಕೇವಲ ಸೌಜನ್ಯದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಇದರ ಒಡಲಲ್ಲಿ ಸ್ವಲ್ಪ ಲೆಕ್ಕಾಚಾರವೂ, ಸ್ವಲ್ಪ ಸಂಭವನೀಯತಾ ಗಣಿತವೂ, ಮನುಷ್ಯನ ಮನೋಧರ್ಮವನ್ನು ಕುರಿತ ಒಂದೆರಡು ಸೋಜಿಗದ ಸಂಗತಿಗಳೂ ಅಡಗಿವೆ. ಅವನ್ನು ಒಂದೊಂದಾಗಿ ಪರಿಶೀಲಿಸಿದರೆ ಪ್ರಶ್ನೆಯ ಉತ್ತರ ತಾನಾಗಿಯೇ ರೂಪುಗೊಳ್ಳುತ್ತದೆ.

ಉಳಿಸಿಡಲಾಗದ ಸರಕು

ಬೆಂಗಳೂರಿನ ದರ್ಶಿನಿಗಳಲ್ಲಿ ತಿಂಡಿ ತಿಂದು ಅಭ್ಯಾಸವಿರುವ ವಾಚಕರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ತೋರಬಹುದು. ಅಲ್ಲಿ ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು. ಆಮೇಲೆ ಇಡ್ಲಿ, ದೋಸೆ, ಕಾಫಿ. ಯಾರಿಗೂ ಸ್ಥಳವನ್ನು ಮೀಸಲಿಡುವ ಪದ್ಧತಿಯಿಲ್ಲ. ಒಬ್ಬನು ಬಾರದಿದ್ದರೆ ಆ ಜಾಗದಲ್ಲಿ ಮತ್ತೊಬ್ಬನು ನಿಂತು ತಿನ್ನುತ್ತಾನೆ. ಮೇಜು ಕಾದಿರಿಸುವ ಹೋಟೆಲಿನಲ್ಲಾದರೋ ಕ್ರಮ ತಲೆಕೆಳಗಾಗಿದೆ. ಹೋಟೆಲಿನವನು ಮೊದಲು ವಚನ ಕೊಡುತ್ತಾನೆ. ಆ ಮೇಜನ್ನು ಬೇರೆಯವರಿಗೆ ಕೊಡದೆ ಹಿಡಿದಿಡುತ್ತಾನೆ. ಹಣ ಮಾತ್ರ ಊಟವಾದ ಬಳಿಕ. ಅಂದರೆ ಕಟ್ಟುಪಾಡು ಒಬ್ಬನ ಮೇಲೆ, ಸ್ವಾತಂತ್ರ್ಯ ಇನ್ನೊಬ್ಬನಿಗೆ.

ಹೋಟೆಲಿನವನು ಮಾರುವುದು ಅನ್ನ, ಪಲ್ಯ, ಮಾಂಸ, ಮೀನುಗಳನ್ನು ಮಾತ್ರವಲ್ಲ. ಇಂಥ ದಿನ, ಇಂಥ ಗಂಟೆಗೆ, ಇಂಥ ಕುರ್ಚಿಯಲ್ಲಿ ಕುಳಿತು ಉಣ್ಣುವ ಅವಕಾಶವನ್ನೂ ಅವನು ಮಾರುತ್ತಾನೆ. ಅಕ್ಕಿ ಇಂದು ಮಾರಾಟವಾಗದಿದ್ದರೆ ನಾಳೆಗೆ ಉಳಿಯುತ್ತದೆ. ಆದರೆ ಶನಿವಾರ ರಾತ್ರಿ ಎಂಟು ಗಂಟೆಯ ಕುರ್ಚಿಯನ್ನು ಭಾನುವಾರಕ್ಕೆ ಎತ್ತಿಡುವುದು ಸಾಧ್ಯವಿಲ್ಲ. ಆ ಗಂಟೆ ಕಳೆದೊಡನೆ ಆ ಸರಕು ನಾಶವಾಗುತ್ತದೆ. ರೈಲಿನ ಬರ್ತು, ನಾಟಕಶಾಲೆಯ ಆಸನ, ವಿಮಾನದ ಸೀಟು ಇವೆಲ್ಲ ಇದೇ ಜಾತಿಗೆ ಸೇರಿದವು.

ನಷ್ಟದ ಪ್ರಮಾಣವನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಹೋಟೆಲಿನಲ್ಲಿ 40 ಕುರ್ಚಿಗಳಿವೆ, ತಲೆಗೆ ರೂ. 1,000ದಂತೆ ರಾತ್ರಿಯ ಆದಾಯ ರೂ. 40,000. ಬಾಡಿಗೆ, ಸಂಬಳ, ದೀಪ, ಉರುವಲುಗಳಿಗೆ ರೂ. 24,000 ಖರ್ಚಾಗುತ್ತದೆ ಎನ್ನೋಣ. ಗಿರಾಕಿಗಳು ಬಂದರೂ ಬಾರದಿದ್ದರೂ ಈ ಖರ್ಚು ತಪ್ಪದು. ಅಡುಗೆಯ ಸಾಮಾನಿಗೆ ತಲೆಗೆ ರೂ. 300ರಂತೆ ರೂ. 12,000. ಉಳಿಯುವ ಲಾಭ ರೂ. 4,000.

ಈಗ ಹತ್ತರಲ್ಲಿ ಒಬ್ಬರಂತೆ ನಾಲ್ವರು ಬರಲಿಲ್ಲವೆಂದು ಭಾವಿಸಿರಿ. ಆದಾಯ ರೂ. 36,000ಕ್ಕೆ ಇಳಿಯುತ್ತದೆ. ಆ ನಾಲ್ವರ ಪಾಲಿನ ಸಾಮಾನನ್ನು ಪೂರ್ಣವಾಗಿ ಉಳಿಸಿಕೊಂಡರೂ ಲಾಭ ರೂ. 1,200 ಮಾತ್ರ. ಸಾಮಾನು ಆಗಲೇ ಹೆಚ್ಚಿ, ಬೇಯಿಸಿ ಕೆಡುವ ಸ್ಥಿತಿಗೆ ಬಂದಿದ್ದರೆ ಲಾಭ ಸೊನ್ನೆ. ಗಿರಾಕಿಗಳಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಕಡಮೆಯಾಯಿತು. ಲಾಭದಲ್ಲಿ ಹತ್ತಕ್ಕೆ ಏಳು ಪಾಲು, ಕೆಲವೊಮ್ಮೆ ಹತ್ತಕ್ಕೆ ಹತ್ತೂ ಪಾಲು, ಹೋಯಿತು. ಸ್ಥಿರವಾದ ಖರ್ಚು ಹೆಚ್ಚಾಗಿಯೂ ಲಾಭದ ಅಂಚು ಕಿರಿದಾಗಿಯೂ ಇರುವ ಎಲ್ಲ ಉದ್ಯಮಗಳಲ್ಲೂ ಇದೇ ಗತಿ.

ವಿಮಾನದವರ ಉಪಾಯ

ಹಾಗಿದ್ದರೆ ಇರುವ ಸ್ಥಳಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮಾತು ಕೊಟ್ಟುಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ವಿಮಾನ ಕಂಪೆನಿಗಳು ಬಹುಕಾಲದಿಂದ ಹೀಗೆಯೇ ಮಾಡುತ್ತಿವೆ. ಈ ಉಪಾಯ ವಿಮಾನಕ್ಕೆ ಒಗ್ಗಿ, ಚಿಕ್ಕ ಹೋಟೆಲಿಗೆ ಒಗ್ಗದಿರುವುದಕ್ಕೆ ಕಾರಣ ಸಂಭವನೀಯತಾ ಗಣಿತದಲ್ಲಿದೆ.

ಪ್ರತಿಯೊಬ್ಬ ಪ್ರಯಾಣಿಕನೂ ಬಾರದಿರುವ ಸಂಭವ ಹತ್ತರಲ್ಲಿ ಒಂದು ಎಂದೂ, ಒಬ್ಬನು ಬರುವುದಕ್ಕೂ ಇನ್ನೊಬ್ಬನು ಬರುವುದಕ್ಕೂ ಸಂಬಂಧವಿಲ್ಲವೆಂದೂ ಇಟ್ಟುಕೊಳ್ಳೋಣ. 200 ಆಸನಗಳ ವಿಮಾನಕ್ಕೆ 214 ಟಿಕೆಟುಗಳನ್ನು ಮಾರಿದರೆ, ಸರಾಸರಿಯಲ್ಲಿ ಇಪ್ಪತ್ತೊಂದಕ್ಕೂ ಸ್ವಲ್ಪ ಹೆಚ್ಚು ಮಂದಿ ಬಾರದೆ ಉಳಿಯುತ್ತಾರೆ. ಈ ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಏರುಪೇರು ನಾಲ್ಕೈದು ಮಂದಿಯಷ್ಟು ಮಾತ್ರ. ಬಂದವರಿಗೆ ಆಸನ ಸಾಲದೆ ಹೋಗುವ ಸಂಭವ ನೂರರಲ್ಲಿ 4ನ್ನು ಮೀರುವುದಿಲ್ಲ.

ಇನ್ನು 20 ಮೇಜುಗಳ ಹೋಟೆಲನ್ನು ನೋಡಿರಿ. ಇಲ್ಲಿಯೂ ಪ್ರತಿ ಮೇಜಿನವರು ಬಾರದಿರುವ ಸಂಭವ ಹತ್ತರಲ್ಲಿ ಒಂದು. ಸರಾಸರಿಯಲ್ಲಿ ರಾತ್ರಿಗೆ ಎರಡು ಮೇಜು ಖಾಲಿ ಉಳಿಯಬೇಕು. ಆದರೆ ನೂರು ರಾತ್ರಿಗಳನ್ನು ಎಣಿಸಿದರೆ ಸುಮಾರು 12 ರಾತ್ರಿ ಎಲ್ಲರೂ ಬರುತ್ತಾರೆ. 27 ರಾತ್ರಿ ಒಂದು ಮೇಜಿನವರು ಬರುವುದಿಲ್ಲ. 29 ರಾತ್ರಿ ಎರಡು. 19 ರಾತ್ರಿ ಮೂರು. ಉಳಿದ 13 ರಾತ್ರಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮೇಜುಗಳು ಖಾಲಿ. ಸರಾಸರಿ ಎಂಬುದು ಇಲ್ಲಿ ಹೆಸರಿಗೆ ಮಾತ್ರ. ಒಂದೇ ಒಂದು ಮೇಜನ್ನು ಹೆಚ್ಚಾಗಿ ಒಪ್ಪಿಕೊಂಡು 21 ಮಾಡಿದರೂ, ನೂರರಲ್ಲಿ ಸುಮಾರು 11 ರಾತ್ರಿ ಎಲ್ಲರೂ ಬಂದು ಒಂದು ಕುಟುಂಬ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. 22 ಮೇಜುಗಳನ್ನು ಒಪ್ಪಿಕೊಂಡರೆ ಮೂರು ರಾತ್ರಿಗೊಮ್ಮೆ ಈ ಮುಖಭಂಗ ತಪ್ಪಿದ್ದಲ್ಲ.

ಗುಂಪು ದೊಡ್ಡದಾದಷ್ಟೂ ಅದರ ನಡತೆಯನ್ನು ಮುಂದಾಗಿ ಊಹಿಸುವುದು ಸುಲಭ, ಚಿಕ್ಕದಾದಷ್ಟೂ ಕಷ್ಟ. ವಿಮೆಯ ಕಂಪೆನಿಗಳು ಬಾಳುವುದು ಈ ನಿಯಮದ ಮೇಲೆಯೇ. ಚಿಕ್ಕ ಹೋಟೆಲಿಗೆ ಈ ನಿಯಮದ ಆಸರೆಯಿಲ್ಲ.

ವಿಮಾನದಲ್ಲಿ ಸ್ಥಳ ತಪ್ಪಿದವನನ್ನು ಮುಂದಿನ ವಿಮಾನಕ್ಕೆ ಹತ್ತಿಸಬಹುದು. ಅದಕ್ಕೂ ಜಗಳವಾದದ್ದುಂಟು. 1972ರಲ್ಲಿ ಅಮೆರಿಕದ ರಾಲ್ಫ್ ನೇಡರ್ ಎಂಬ ಪ್ರಸಿದ್ಧ ಬಳಕೆದಾರರ ಹಕ್ಕುಗಳ ಹೋರಾಟಗಾರನಿಗೆ ಹೀಗೆ ಸ್ಥಳ ತಪ್ಪಿತು. ಅವನು ಹೂಡಿದ ದಾವೆ 1976ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1978ರಲ್ಲಿ, ಪರಿಹಾರ ಪಡೆದು ತಾವಾಗಿ ಸ್ಥಳ ಬಿಟ್ಟುಕೊಡಲು ಒಪ್ಪುವವರನ್ನು ಮೊದಲು ಕೇಳಬೇಕೆಂಬ ನಿಯಮ ಬಂದಿತು. ಆದರೆ ಮದುವೆಯ ವಾರ್ಷಿಕೋತ್ಸವದ ರಾತ್ರಿ ಹಸಿದು ಬಂದ ದಂಪತಿಗಳನ್ನು ನಾಳೆಯ ಊಟಕ್ಕೆ ಹತ್ತಿಸುವುದು ಹೇಗೆ?

ದಂಡ ಬೆಲೆಯಾದಾಗ

ಹೆಚ್ಚು ಮೇಜು ಒಪ್ಪಿಕೊಳ್ಳುವ ಹಾದಿ ಮುಚ್ಚಿತು. ಹಾಗಾದರೆ ಬಾರದವರ ಮೇಲೆ ಒಂದು ಸಣ್ಣ ದಂಡ ಹಾಕಿದರೆ ಸಾಕಲ್ಲವೆ? ಇಲ್ಲಿ ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದ ಒಂದು ಪ್ರಯೋಗ ನಮ್ಮನ್ನು ಎಚ್ಚರಿಸುತ್ತದೆ.

ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಾಯಿತಂದೆಗಳು ತಡವಾಗಿ ಬರುತ್ತಿದ್ದರು. ಉಪಾಧ್ಯಾಯಿನಿಯರು ಕಾಯಬೇಕಾಗುತ್ತಿತ್ತು. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು ಹತ್ತು ಶಿಶುವಿಹಾರಗಳನ್ನು ಇಪ್ಪತ್ತು ವಾರಗಳ ಕಾಲ ಗಮನಿಸಿದರು. ಮೊದಲ ನಾಲ್ಕು ವಾರ ಕೇವಲ ಎಣಿಕೆ ನಡೆಯಿತು. ಬಳಿಕ ಆರು ಶಿಶುವಿಹಾರಗಳಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ತಡ ಮಾಡಿದವರಿಗೆ ಹತ್ತು ಷೆಕೆಲ್ ದಂಡವೆಂದು ಸಾರಿದರು. ತಡವಾಗಿ ಬರುವವರು ಕಡಮೆಯಾಗಬೇಕಿತ್ತಷ್ಟೆ? ಅದಕ್ಕೆ ಬದಲಾಗಿ ಅವರ ಸಂಖ್ಯೆ ಏರುತ್ತ ಹೋಗಿ ಹೆಚ್ಚು ಕಡಮೆ ಇಮ್ಮಡಿಯಾಯಿತು! ಹದಿನೇಳನೆಯ ವಾರದಲ್ಲಿ ದಂಡವನ್ನು ತೆಗೆದುಹಾಕಿದರೂ ಆ ಸಂಖ್ಯೆ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಈ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾಯಿತು.

ಇದಕ್ಕೆ ಆ ವಿದ್ವಾಂಸರು ಕೊಟ್ಟ ವಿವರಣೆ ಸ್ವಾರಸ್ಯವಾಗಿದೆ. ದಂಡವಿಲ್ಲದಾಗ ತಡ ಮಾಡುವುದು ಒಂದು ತಪ್ಪು. ಉಪಾಧ್ಯಾಯಿನಿಯ ಮುಖ ನೋಡಲು ಸಂಕೋಚ. ದಂಡ ಬಂದೊಡನೆ ಅದೊಂದು ಬೆಲೆಯಾಯಿತು. ಹತ್ತು ಷೆಕೆಲ್ ಕೊಟ್ಟರೆ ಇನ್ನೂ ಸ್ವಲ್ಪ ಹೊತ್ತು ಮಗುವನ್ನು ನೋಡಿಕೊಳ್ಳುವ ಸೇವೆ ದೊರೆಯುತ್ತದೆಂದು ಜನ ತಿಳಿದರು. ಕೊಂಡುಕೊಂಡ ಸೇವೆಗೆ ನಾಚಿಕೆಯೇಕೆ? ಒಮ್ಮೆ ಕಳಚಿದ ಸಂಕೋಚ ಮತ್ತೆ ಮರಳಲಿಲ್ಲ.

ಹೋಟೆಲಿಗೂ ಈ ಪಾಠ ಸಲ್ಲುತ್ತದೆ. ನಮ್ಮ ಕಲ್ಪಿತ ಲೆಕ್ಕದಲ್ಲಿ ಒಂದು ಕುರ್ಚಿ ಖಾಲಿಯಾದರೆ ಆಗುವ ನಷ್ಟ ಕನಿಷ್ಠ ರೂ. 700. ಅದಕ್ಕೆ ರೂ. 100 ಶುಲ್ಕವಿಟ್ಟರೆ, ಬಾರದಿರುವ ಹಕ್ಕನ್ನು ಹೋಟೆಲಿನವನೇ ನೂರು ರೂಪಾಯಿಗೆ ಮಾರಿದಂತಾಗುತ್ತದೆ. ಅವನಿಗೆ ನಷ್ಟವೂ ತುಂಬಲಿಲ್ಲ, ಗಿರಾಕಿಯ ಸಂಕೋಚವೂ ಉಳಿಯಲಿಲ್ಲ.

ಒಂದು ಪ್ರಶ್ನೆಯ ಬಲ

ಹಣದ ಮಾತೇ ಇಲ್ಲದೆ ಕಾರ್ಯ ಸಾಧಿಸಿದ ನಿದರ್ಶನವೂ ಉಂಟು. ಅಮೆರಿಕದ ಶಿಕಾಗೋ ನಗರದಲ್ಲಿ ಗಾರ್ಡನ್ ಸಿಂಕ್ಲೇರ್ ಎಂಬಾತನ ಹೋಟೆಲಿನಲ್ಲಿ, ಕಾದಿರಿಸಿ ಬಾರದವರ ಪ್ರಮಾಣ ಶೇಕಡಾ 30ರಷ್ಟಿತ್ತೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಬರೆದಿದ್ದಾನೆ. ಟೆಲಿಫೋನಿನಲ್ಲಿ ಹೆಸರು ಬರೆದುಕೊಳ್ಳುವಾಕೆ, ಕಾರ್ಯಕ್ರಮ ಬದಲಾದರೆ ದಯವಿಟ್ಟು ತಿಳಿಸಿರಿ ಎಂದು ಹೇಳಿ ಮುಗಿಸುತ್ತಿದ್ದಳು. ಸಿಂಕ್ಲೇರ್ ಆ ಮಾತನ್ನು ಪ್ರಶ್ನೆಯಾಗಿ ಮಾರ್ಪಡಿಸಿದನು: ಕಾರ್ಯಕ್ರಮ ಬದಲಾದರೆ ದಯವಿಟ್ಟು ತಿಳಿಸುವಿರಾ? ಹೀಗೆ ಕೇಳಿ ಉತ್ತರ ಬರುವವರೆಗೂ ಆಕೆ ಸುಮ್ಮನಿರಬೇಕು. ಬಾರದವರ ಪ್ರಮಾಣ ಶೇಕಡಾ 10ಕ್ಕೆ ಇಳಿಯಿತು. ಆಗಲಿ, ತಿಳಿಸುತ್ತೇನೆ ಎಂದು ತನ್ನ ಬಾಯಿಂದಲೇ ಹೇಳಿದವನಿಗೆ ಆ ಮಾತು ತನ್ನದಾಗುತ್ತದೆ. ಮುರಿಯಲು ಮನಸ್ಸು ಅಳುಕುತ್ತದೆ.

ಆದರೆ ಈ ಉಪಾಯಕ್ಕೆ ಇಬ್ಬರು ಮನುಷ್ಯರು ಮಾತನಾಡಬೇಕು. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಪನ್‌ಟೇಬಲ್ ಎಂಬ ಸಂಸ್ಥೆ ಹುಟ್ಟಿ, ಗಣಕಯಂತ್ರದ ಮೂಲಕ ಮೇಜು ಕಾದಿರಿಸುವ ಅನುಕೂಲವನ್ನು ಬಳಕೆಗೆ ತಂದಿತು. ಬೆರಳಿನ ಒಂದು ಒತ್ತಿಗೆ ಮೇಜು ದೊರೆಯುವಂತಾದ ಮೇಲೆ, ಒಂದೇ ರಾತ್ರಿಗೆ ಮೂರು ಹೋಟೆಲುಗಳಲ್ಲಿ ಕಾದಿರಿಸಿ, ಕೊನೆಯ ಗಳಿಗೆಯಲ್ಲಿ ಮನಸ್ಸಿಗೆ ಬಂದ ಒಂದಕ್ಕೆ ಹೋಗುವುದೂ ಸುಲಭವಾಯಿತು. ಯಂತ್ರಕ್ಕೆ ಕೊಟ್ಟ ಮಾತಿಗೆ ಸಂಕೋಚವಿಲ್ಲ. ಇಂಥಲ್ಲಿ ಹಣದ ಕಟ್ಟು ಬೇಕಾಗುತ್ತದೆ.

2011ರಲ್ಲಿ ಶಿಕಾಗೋದಲ್ಲಿಯೇ ಆರಂಭವಾದ ನೆಕ್ಸ್ಟ್ ಎಂಬ ಭೋಜನಶಾಲೆ ಇನ್ನೊಂದು ಮಾರ್ಗ ಹಿಡಿಯಿತು. ಅದರ ಒಡೆಯರಾದ ಗ್ರಾಂಟ್ ಆಕೆಟ್ಸ್ ಮತ್ತು ನಿಕ್ ಕೊಕೊನಾಸ್ ಮೇಜನ್ನು ಕಾದಿರಿಸುವ ಪದ್ಧತಿಯನ್ನೇ ಬಿಟ್ಟು, ನಾಟಕಕ್ಕೆ ಮಾರುವಂತೆ ಊಟಕ್ಕೂ ಟಿಕೆಟು ಮಾರಿದರು. ಹಣ ಮೊದಲು, ಊಟ ಆಮೇಲೆ. ನಮ್ಮ ದರ್ಶಿನಿಯ ಚೀಟಿಗೂ ಈ ದುಬಾರಿ ಟಿಕೆಟಿಗೂ ತತ್ತ್ವದಲ್ಲಿ ಭೇದವಿಲ್ಲ! ಊಟದ ಬಿಲ್ಲಿನಲ್ಲಿ ಕಳೆಯುವಂತೆ ಮುಂಗಡವಾಗಿ ಠೇವಣಿ ಪಡೆಯುವುದು ಇದರ ಸೌಮ್ಯರೂಪ. ಬಂದವನಿಗೆ ಇದರಿಂದ ಒಂದು ಕಾಸೂ ಹೆಚ್ಚಿನ ಖರ್ಚಿಲ್ಲ. ಮೂರು ಕಡೆ ಕಾದಿರಿಸುವವನಿಗೆ ಮಾತ್ರ ಮೂರು ಕಡೆ ಹಣ ತೊಡಗಿಸಬೇಕಾದ ತೊಡಕು.

ಎಷ್ಟು ಶುಲ್ಕ ನ್ಯಾಯ?

ಶುಲ್ಕವಿರಬಹುದು ಎಂದು ಒಪ್ಪಿದರೂ ಅದರ ಅಳತೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಭಾರತದ 1872ರ ಒಪ್ಪಂದಗಳ ಕಾಯಿದೆಯ 74ನೆಯ ಕಲಮು ಇಲ್ಲಿ ಒಂದು ತತ್ತ್ವವನ್ನು ಒದಗಿಸುತ್ತದೆ. ಒಪ್ಪಂದ ಮುರಿದರೆ ಇಷ್ಟು ಹಣ ಕೊಡಬೇಕೆಂದು ಮೊದಲೇ ಬರೆದಿದ್ದರೂ, ನೊಂದವನಿಗೆ ಸಲ್ಲುವುದು ಆ ಮೊತ್ತವನ್ನು ಮೀರದ, ಯುಕ್ತವಾದ ಪರಿಹಾರ ಮಾತ್ರ. ಶಿಕ್ಷೆಗಾಗಿ ದಂಡ ಹಾಕುವುದು ಬೇರೆ, ನಷ್ಟ ತುಂಬಿಸುವುದು ಬೇರೆ.

ಯುಕ್ತವಾದ ಪರಿಹಾರವನ್ನು ಎಣಿಸಲು ಒಂದು ಸುಲಭ ಸೂತ್ರವುಂಟು. ಕುರ್ಚಿ ಖಾಲಿ ಉಳಿದರೆ ಆಗುವ ನಷ್ಟವನ್ನು, ಅದು ಖಾಲಿ ಉಳಿಯುವ ಸಂಭವದಿಂದ ಗುಣಿಸಬೇಕು. ನಮ್ಮ ರೂ. 700ರ ನಷ್ಟವನ್ನೇ ತೆಗೆದುಕೊಳ್ಳಿರಿ. ಎರಡು ದಿನ ಮೊದಲೇ ತಿಳಿಸಿದರೆ ಹತ್ತರಲ್ಲಿ ಒಂಬತ್ತು ಸಲ ಬೇರೆ ಗಿರಾಕಿ ಸಿಗುತ್ತಾನೆ ಎನ್ನೋಣ. ನಿರೀಕ್ಷಿತ ನಷ್ಟ ರೂ. 70. ಅದೇ ದಿನ ಬೆಳಗ್ಗೆ ತಿಳಿಸಿದರೆ ಅರ್ಧ ಸಲ ಸಿಗುತ್ತಾನೆ, ನಷ್ಟ ರೂ. 350. ಏನೂ ತಿಳಿಸದೆ ಉಳಿದರೆ ಹತ್ತರಲ್ಲಿ ಒಂದು ಸಲ ಮಾತ್ರ ಸಿಗುತ್ತಾನೆ, ನಷ್ಟ ರೂ. 630. ಬಾರದಿರುವುದು ಮೂರು ಸಂದರ್ಭಗಳಲ್ಲೂ ಒಂದೇ. ನಷ್ಟದಲ್ಲಿ ಮಾತ್ರ ಒಂಬತ್ತು ಪಟ್ಟು ಅಂತರ! ಆದುದರಿಂದ ಹೋಟೆಲಿನವನಿಗೆ ನಿಜವಾಗಿ ಬೇಕಾದದ್ದು ಗಿರಾಕಿಯ ಹಣಕ್ಕಿಂತ ಹೆಚ್ಚಾಗಿ ಅವನ ಸಕಾಲದ ಸುದ್ದಿ. ಬೇಗ ತಿಳಿಸಿದವನಿಗೂ ತಿಳಿಸದವನಿಗೂ ಒಂದೇ ಶುಲ್ಕ ವಿಧಿಸಿದರೆ, ತಿಳಿಸುವ ಕಷ್ಟವನ್ನು ಯಾರು ತೆಗೆದುಕೊಳ್ಳುತ್ತಾರೆ?

ಇದೇ ಸೂತ್ರದಿಂದ ಹೋಟೆಲು ಹೋಟೆಲಿಗೂ ವ್ಯತ್ಯಾಸ ಕಾಣುತ್ತದೆ. ಬಾಗಿಲಲ್ಲಿ ಸದಾ ಜನ ಕಾಯುತ್ತಿರುವ ಹೋಟೆಲಿನಲ್ಲಿ ಬಾರದವನ ಕುರ್ಚಿ ಕ್ಷಣದಲ್ಲಿ ತುಂಬುತ್ತದೆ. ಅಲ್ಲಿ ಶುಲ್ಕಕ್ಕೆ ಆಧಾರವೇ ಇಲ್ಲ. ಹನ್ನೆರಡು ಕುರ್ಚಿಗಳಿದ್ದು, ಬರುವವರನ್ನು ಎಣಿಸಿ ಅಡುಗೆ ಮಾಡುವ ಕಡೆ ಪೂರ್ಣ ಊಟದ ಬೆಲೆಯನ್ನೇ ಕೇಳುವುದೂ ಅನ್ಯಾಯವಲ್ಲ.

ಜಪಾನಿನಲ್ಲಿ ಈ ವಿವೇಚನೆಯನ್ನು ಕ್ರಮಬದ್ಧವಾಗಿ ಮಾಡಿದ್ದಾರೆ. ಹೇಳದೆ ಕೇಳದೆ ಬಾರದೆ ಉಳಿಯುವವರಿಂದ ದೇಶದ ಹೋಟೆಲುಗಳಿಗೆ ವರ್ಷಕ್ಕೆ ಸುಮಾರು 20,000 ಕೋಟಿ ಯೆನ್ ನಷ್ಟವೆಂದು ಅಲ್ಲಿಯ ಅರ್ಥ, ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಗೆ ಸಂಬಂಧಿಸಿದ ತಜ್ಞರ ಮಂಡಲಿಯೊಂದು 2018ರಲ್ಲಿ ಅಂದಾಜು ಮಾಡಿತು. ಪರಿಹಾರದ ಬಗೆಯನ್ನೂ ಅದು ಸೂಚಿಸಿತು. ಇಂಥ ಊಟವೇ ಬೇಕೆಂದು ಮೊದಲೇ ಗೊತ್ತುಪಡಿಸಿದ್ದರೆ ಅದರ ಪೂರ್ಣ ಬೆಲೆ. ಕೇವಲ ಸ್ಥಳವನ್ನು ಕಾದಿರಿಸಿದ್ದರೆ ಸರಾಸರಿ ಬಿಲ್ಲಿನ ಒಂದು ಪಾಲು ಮಾತ್ರ. ಮೊದಲನೆಯದರಲ್ಲಿ ಸಾಮಾನು ಆ ಗಿರಾಕಿಗಾಗಿಯೇ ಸಿದ್ಧವಾಗಿರುತ್ತದೆ. ಎರಡನೆಯದರಲ್ಲಿ ಅದನ್ನು ಬೇರೆಯವರಿಗೆ ಬಡಿಸಬಹುದು. ನಮ್ಮ ಸೂತ್ರದ ತತ್ತ್ವವೂ ಇದೇ.

ಎರಡೂ ಕಡೆಯ ಕರ್ತವ್ಯ

ಈ ಅಂಶಗಳನ್ನೆಲ್ಲ ತೂಗಿ ನೋಡಿದರೆ ಉತ್ತರ ಹೀಗೆ ರೂಪುಗೊಳ್ಳುತ್ತದೆ. ಶುಲ್ಕ ತೆಗೆದುಕೊಳ್ಳುವುದು ತನ್ನಷ್ಟಕ್ಕೆ ಅನ್ಯಾಯವಲ್ಲ. ಆದರೆ ಅದು ನಿಜವಾದ ನಷ್ಟದ ನೆರಳಿನಂತಿರಬೇಕು. ಕಾದಿರಿಸುವಾಗಲೇ ಅದನ್ನು ಸ್ಪಷ್ಟವಾಗಿ ತಿಳಿಸಿರಬೇಕು. ಸಕಾಲದಲ್ಲಿ ಸುದ್ದಿ ಮುಟ್ಟಿಸಿದವನಿಗೆ ಅದು ಇಳಿಯಬೇಕು. ಆ ಮೇಜಿಗೆ ಬೇರೆ ಗಿರಾಕಿ ಸಿಕ್ಕಿದರೆ ಹಣ ಹಿಂದಿರುಗಬೇಕು. ಒಂದೇ ಕುರ್ಚಿಯನ್ನು ಎರಡು ಸಲ ಮಾರುವುದು ನಷ್ಟಪರಿಹಾರವೆನಿಸದು, ಲಾಭಕೋರತನವೆನಿಸುತ್ತದೆ. ರೋಗ, ಅಪಘಾತ, ಮನೆಯಲ್ಲಿ ಸಾವು ಇಂಥ ಸಂದರ್ಭಗಳಲ್ಲಿ ಸೂತ್ರವನ್ನು ಬದಿಗಿಟ್ಟು ಮನುಷ್ಯತ್ವ ಮುಂದೆ ಬರಬೇಕು.

ಕಟ್ಟುಪಾಡು ಹೋಟೆಲಿನವನಿಗೂ ಸಮಾನವಾಗಿ ಅನ್ವಯಿಸಬೇಕಲ್ಲವೆ? ಎಂಟು ಗಂಟೆಗೆ ಕಾದಿರಿಸಿದವನನ್ನು ಒಂಬತ್ತರವರೆಗೆ ನಿಲ್ಲಿಸಿದರೆ, ಆ ಒಂದು ಗಂಟೆಯೂ ಉಳಿಸಿಡಲಾಗದ ಸರಕೇ. ಗಿರಾಕಿಯ ಕಾಲಕ್ಕೆ ಬೆಲೆ ಕಟ್ಟದವನು ತನ್ನ ಕುರ್ಚಿಗೆ ಬೆಲೆ ಕಟ್ಟುವುದು ಶೋಭಿಸದು.

ಒಂದು ಖಾಲಿ ಕುರ್ಚಿ ಅಲ್ಪ ವಿಷಯವೆಂದು ತೋರಬಹುದು. ಆದರೆ ಅದನ್ನು ಬರಿದು ಬಿಟ್ಟವನು ಕಳೆದುಕೊಳ್ಳುವುದೇನೂ ಇಲ್ಲ. ಕಳೆದುಕೊಳ್ಳುವವರು ಅಡುಗೆಯವನು, ಬಡಿಸುವವನು, ಪಾತ್ರೆ ತೊಳೆಯುವ ಹುಡುಗಿ, ಆ ರಾತ್ರಿ ಸ್ಥಳವಿಲ್ಲವೆಂದು ಹಿಂದಿರುಗಿದ ಇನ್ನೊಂದು ಕುಟುಂಬದವರು. ಇವರ ನಷ್ಟವನ್ನು ತಡೆಯಲು ಅನೇಕ ವೇಳೆ ಶುಲ್ಕವೂ ಬೇಕಿಲ್ಲ, ಠೇವಣಿಯೂ ಬೇಕಿಲ್ಲ. ಬರಲಾಗುವುದಿಲ್ಲವೆಂದು ಖಚಿತವಾದೊಡನೆ ಒಂದು ಮಾತು ತಿಳಿಸಿದರೆ ಸಾಕು.